ಬಂಡೆಪ್ಪ ಒತ್ತದೆ ಬಿಟ್ಟ ಗುಂಡಿ

ಕುರ್ಲಾ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ವಡಾಪಾವ್ ಗಾಡಿಯ ಹೊಗೆ ದಾಟಿದರೆ ಬಂಡೆಪ್ಪನ ಅಂಗಡಿ. ಅಂಗಡಿ ಅನ್ನುವುದು ಅವನ ಮಾತು. ನೋಡಿದವರಿಗೆ ಅದು ಬಾಗಿಲು ಕಿತ್ತ ಬೀರು. ನಾಲ್ಕು ಅಡಿ ಅಗಲದ ಆ ಬೀರುವಿನಲ್ಲಿ ಚಾರ್ಜರು, ಕವರು, ಇಯರ್‌ಫೋನು, ಮೆಮೊರಿ ಕಾರ್ಡು ಎಲ್ಲವೂ ಮೊಳೆಗೆ ನೇತುಬಿದ್ದಿರುತ್ತವೆ. ನಡುವೆ ಉಳಿದ ಜಾಗದಲ್ಲಿ ಬಂಡೆಪ್ಪ ತಾನೂ ಒಂದು ಮಾಲು ಎಂಬಂತೆ ಕೂತಿರುತ್ತಾನೆ. ಹದಿಮೂರು ವರ್ಷದಿಂದ ಕೂತಿದ್ದಾನೆ, ಯಾರೂ ರೇಟು ಕೇಳಿಲ್ಲ.

ಮೂಲ ಸುರಪುರದ ಕಡೆ. ಒಂಬತ್ತನೇ ವಯಸ್ಸಿಗೆ ತಾಯಿ ಮಲ್ಲವ್ವನ ಸೆರಗು ಹಿಡಿದು ಬಂದವನು. ಆಕೆ ಚೆಂಬೂರಿನ ಬಿಲ್ಡಿಂಗುಗಳಿಗೆ ಗಾರೆ ಹೊತ್ತಳು, ಇವನು ನೀರು ಹೊತ್ತ. ಆಮೇಲೆ ಹಾರ್ಬರ್ ಲೈನಿನ ಲೋಕಲ್‌ಗಳಲ್ಲಿ ಬಾಚಣಿಗೆ ಮಾರಿದ, ಪೆನ್ನು ಮಾರಿದ, ಕಾಲ ಬದಲಾದ ಮೇಲೆ ಇಯರ್‌ಫೋನು ಮಾರಿದ. ಊರು ಕೊಟ್ಟ ಹೆಸರನ್ನು ಮುಂಬಯಿ ಅರ್ಧ ಕತ್ತರಿಸಿ ‘ಬಂಡೂಭಾಯ್’ ಮಾಡಿತು. ಹೆಂಡತಿ ಹನುಮವ್ವ ಹೋಗಿ ಎಂಟು ವರ್ಷ. ಅವಳಿದ್ದಾಗ ಮನೆಯಲ್ಲಿ ಕನ್ನಡದಲ್ಲಿ ಜಗಳವಾದರೂ ಆಗುತ್ತಿತ್ತು. ಮಗಳು ಅನುರಾಧಾ ಮರಾಠಿ ಹುಡುಗನನ್ನು ಮದುವೆಯಾಗಿ ಡೊಂಬಿವಲಿಯಲ್ಲಿದ್ದಾಳೆ. ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಇವನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಮೂರನೇ ಮಾತಿಗೆ ಇವನೂ ಹಿಂದಿಗೆ ಇಳಿಯುತ್ತಾನೆ. ಕೂಸಿನ ಕೈ ಹಿಡಿದು ರಸ್ತೆ ದಾಟುವಾಗ ದೊಡ್ಡವರೇ ಹೆಜ್ಜೆ ಸಣ್ಣದು ಮಾಡಬೇಕಲ್ಲ.

ಇತ್ತೀಚಿನ ಎರಡು ವರ್ಷದಿಂದ ಅವನ ಅಂಗಡಿಯಲ್ಲಿ ಚೆನ್ನಾಗಿ ಓಡುವ ಮಾಲೆಂದರೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಟ್ರಾನ್ಸ್‌ಮಿಟರ್. ಗಿರಾಕಿಗಳ ಬಾಯಲ್ಲಿ ಡಾಂಗಲ್. ಫೋನಿನ ಅಥವಾ ಟ್ಯಾಬಿನ ತಳದ ತೂತಿಗೆ ಅದನ್ನು ಚುಚ್ಚಿದರೆ, ಒಳಗಿನ ಸದ್ದು ವಯರಿಲ್ಲದೆ ದೂರದ ಕಿವಿಗೆ ಹೋಗುತ್ತದೆ. ಒಳಗಿನ ಬ್ಲೂಟೂತ್ ಕೆಟ್ಟ ಹಳೇ ಟ್ಯಾಬಿನವರಿಗೆ ಅದೇ ಗತಿ. ಒಂದೇ ಒಂದು ಕೆಲಸ ಮಾಡಿಕೊಡಬೇಕು: ಡಾಂಗಲ್ಲಿನ ಬದಿಯ ಸಣ್ಣ ಗುಂಡಿಯನ್ನು ಐದು ಎಣಿಸುವವರೆಗೆ ಒತ್ತಿ ಹಿಡಿದು, ಕೆಂಪು-ನೀಲಿ ಮಿಣುಕುವ ದೀಪ ನೀಲಿಯಲ್ಲೇ ನಿಲ್ಲುವಂತೆ ಮಾಡಿ, ಗಿರಾಕಿ ಕಿವಿಗೆ ಸಿಕ್ಕಿಸುವ ವಯರಿಲ್ಲದ ತುಂಡಿಗೂ ಅದಕ್ಕೂ ಜೋಡಿ ಹಾಕಬೇಕು. ಬಂಡೆಪ್ಪ ಇದನ್ನು ತಪ್ಪದೆ ಮಾಡಿಯೇ ಡಬ್ಬಿ ಮುಚ್ಚುತ್ತಾನೆ. ಒಳ್ಳೆಯತನಕ್ಕಲ್ಲ. ಮಾಡದಿದ್ದರೆ ಗಿರಾಕಿ ಮರುದಿನ ಬಂದು ತಲೆ ತಿನ್ನುತ್ತಾನೆ.

ಟ್ರಯಲ್ ತೋರಿಸಲಿಕ್ಕೆ ತನ್ನ ಹಳೇ ಕಿವಿತುಂಡೊಂದು, ತನ್ನದೇ ದನಿಯ ಒಂದು ರೆಕಾರ್ಡು. ‘ಹಲೋ, ಒಂದು, ಎಲ್ಡು, ಮೂರು. ಕೇಳಸ್ತದೇನ್ರೀ?’ ಇದನ್ನು ಕನ್ನಡದಲ್ಲಿ ಇಟ್ಟಿದ್ದು ಅಭಿಮಾನಕ್ಕಲ್ಲ, ವ್ಯಾಪಾರಕ್ಕೆ. ಹಾಡು ಹಾಕಿದರೆ ಗಿರಾಕಿ ಪೂರ್ತಿ ಹಾಡು ಕೇಳಿ ಎದ್ದು ಹೋಗುತ್ತಾನೆ. ಹಿಂದಿಯ ಮಾತು ಹಾಕಿದರೆ ಅದರಲ್ಲೇ ಏನೋ ಹುಳುಕು ತೆಗೆಯುತ್ತಾನೆ. ಅರ್ಥವಾಗದ ಭಾಷೆಯಾದರೆ ‘ಹಾಂ, ಆ ರಹಾ ಹೈ’, ಕೇಳಿಸುತ್ತಿದೆ ಅಂದು ಬೇಗ ಜೇಬಿಗೆ ಕೈ ಹಾಕುತ್ತಾನೆ.

ಹೀಗಿರುವಾಗ ಒಂದು ಸೋಮವಾರ ಹನ್ನೊಂದರ ಹೊತ್ತಿಗೆ ಆಟೋದಿಂದ ಒಬ್ಬ ಹಿರಿಯರು ಇಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಊರುಗೋಲು, ಇಡೀ ಫುಟ್‌ಪಾತ್ ತಮ್ಮ ಹೋಟೆಲಿನದು ಎಂಬಂತೆ ಸುತ್ತ ನೋಡುವ ಕಣ್ಣು. ಹಿಂದಿಯಲ್ಲಿ ಡಾಂಗಲ್ ಕೇಳಿದರು. ಬಂಡೆಪ್ಪ ಹಿಂದಿಯಲ್ಲೇ ವಿವರಿಸಿ, ಹಳೇ ಕಿವಿತುಂಡು ಕೊಟ್ಟು ರೆಕಾರ್ಡು ಒತ್ತಿದ.

ಹಿರಿಯರು ಕಿವಿಗೆ ಅಂಗೈ ಹಚ್ಚಿ, ಎದುರಿನ ಗಾಳಿಗೆ ಹೇಳಿದರು: “ಕೇಳ್ತದೆ, ಕೇಳ್ತದೆ ಮಾರಾಯ್ರೆ. ಅಷ್ಟು ಬೊಬ್ಬೆ ಹಾಕ್ಬೇಡಿ.”

ಬಂಡೆಪ್ಪನ ಕೈಯಲ್ಲಿದ್ದ ಡಬ್ಬಿ ಕೈಯಲ್ಲೇ ಉಳಿಯಿತು.

“ಕನ್ನಡದವ್ರೇನ್ರೀ ನೀವು?”

“ಮತ್ತೆ? ಇಷ್ಟು ಹೊತ್ತು ನನ್ನ ಹತ್ರ ಹಿಂದಿ ಎಂತಕ್ಕೆ ಮಾತಾಡಿದ್ದು ನೀವು?”

“ನೀವ ಮೊದ್ಲ ಸುರು ಮಾಡಿದ್ರಿ!”

“ಅದೂ ಹೌದಾ,” ಎಂದು ಅವರು ನಕ್ಕರು. ಹೆಸರು ಪೂವಪ್ಪ. ಉಡುಪಿಯ ಕಡೆಯವರು. ಬಾಂದ್ರಾದ ಒಂದು ಹೋಟೆಲಿನಲ್ಲಿ ಮೂವತ್ತೆರಡು ವರ್ಷ ಗಲ್ಲಾಪೆಟ್ಟಿಗೆಯ ಎದುರು ಕೂತು ಈಗ ನಿವೃತ್ತರು. ಮಗ ರೋಶನ್ ಹಡಗಿನಲ್ಲಿ; ಸೊಸೆ ಪ್ರಣೀತಾ, ಮೊಮ್ಮಗಳು ಶ್ರಾವ್ಯಾ ಜೊತೆ ನೆಹರೂ ನಗರದಲ್ಲಿ ಮನೆ. ಡಾಂಗಲ್ ಯಾಕೆ ಬೇಕು ಎಂಬುದನ್ನು ಅವರು ಗಿರಾಕಿಯ ಹಾಗೆ ಹೇಳಲಿಲ್ಲ, ಮದುವೆಯ ಕರೆಯೋಲೆ ಓದಿದ ಹಾಗೆ ಹೇಳಿದರು. ಬರುವ ಭಾನುವಾರ ನಾಲ್ಕು ಗಂಟೆಗೆ ಬೈಕುಲ್ಲಾದ ಹಾಲಿನಲ್ಲಿ ಅವರ ಮಂಡಳಿಯ ವಾರ್ಷಿಕ ತಾಳಮದ್ದಳೆ. ಇಪ್ಪತ್ತೊಂಬತ್ತು ವರ್ಷ ತಪ್ಪದೆ ಅರ್ಥ, ಅಂದರೆ ಪಾತ್ರದ ಮಾತು, ಹೇಳಿದವರು ಅವರು. ಈ ಸಲ ಮಂಡಿಯ ಆಪರೇಷನ್ ಆಗಿದೆ, ಹಾಲಿಗೆ ನಲವತ್ತು ಮೆಟ್ಟಿಲು. ಮಂಡಳಿಯ ಸಚಿನ ಎಂಬ ಹುಡುಗ ಉಪಾಯ ಮಾಡಿದ್ದಾನೆ: ಪೂವಪ್ಪನವರು ಮನೆಯಲ್ಲೇ ಟ್ಯಾಬಿನ ಎದುರು ಕೂತು ಅರ್ಥ ಹೇಳುವುದು, ಅಲ್ಲಿ ಹಾಲಿನ ಪರದೆಯ ಮೇಲೆ ಕಾಣಿಸುವುದು.

“ಆದ್ರೆ ಟ್ಯಾಬಿನ ಸ್ಪೀಕರ್ ಇಟ್ರೆ ಅಲ್ಲಿಯವರದ್ದೇ ಸ್ವರ ತಿರುಗಿ ಅವರಿಗೇ ಹೋಗ್ತದಂತೆ. ಕಿವಿಗೇ ಹಾಕ್ಕೊಳ್ಳಿ ಅಂತ ಹೇಳಿದ್ದಾರೆ. ವಯರಿನದ್ದು ಆಗುವುದಿಲ್ಲ. ನಾನು ಕೈ ಬೀಸಿದ್ರೆ ಟ್ಯಾಬೇ ಹಾರಿ ಬಂದು ಮಡಿಲಿಗೆ ಬೀಳ್ತದೆ.”

“ವೇಷ ಹಾಕ್ಕೊಂಡು ಕುಣಿತೀರೇನು ಮನ್ಯಾಗ?”

“ತಾಳಮದ್ದಳೆಗೆ ವೇಷ ಇಲ್ಲ ಮಾರಾಯ್ರೆ. ಕುಣಿತವೂ ಇಲ್ಲ. ಭಾಗವತರು ಪದ ಹೇಳ್ತಾರೆ, ನಾವು ಕೂತಲ್ಲೇ ಮಾತಿಗೆ ಮಾತು ಕೊಡುವುದು.”

“ವೇಷ ಇಲ್ದ ಆಟ! ಹೂರಣ ಇಲ್ದ ಹೋಳಿಗಿ ಆತಲ್ರೀ ಅಣ್ಣಾರ.”

“ಹೂರಣ ಒಂದೇ ಉಂಟು, ಹೋಳಿಗೆ ಇಲ್ಲ,” ಅಂದರು ಪೂವಪ್ಪ, ಒಂದು ಕ್ಷಣವೂ ತಡೆಯದೆ.

ಬಂಡೆಪ್ಪನಿಗೆ ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ ಅಂದರೆ ಏನೆಂದು ಅರ್ಥವಾಯಿತು. ಎದುರಿನವನ ಮಾತು ಕಿವಿಗೆ ಬಿದ್ದರೆ ಈ ಮನುಷ್ಯ ಗೆದ್ದ. ಬೀಳದಿದ್ದರೆ ಕೂತಲ್ಲೇ ಮುಗಿದ.

ಟ್ಯಾಬು ತಂದಿರಲಿಲ್ಲ, ಶ್ರಾವ್ಯಾ ಕ್ಲಾಸಿಗೆ ಒಯ್ದಿದ್ದಳು. ತೂತು ಹೇಗಿದೆ ಎಂದು ಬಂಡೆಪ್ಪ ಕೇಳಿದ.

“ಸಪೂರ ಉಂಟು. ಎರಡೂ ತುದಿ ಉರುಟು.”

ಸಪೂರ ಎಂದರೆ ಏನೋ ಬಂಡೆಪ್ಪನಿಗೆ ತಿಳಿಯಲಿಲ್ಲ. ಉರುಟು ಎಂದದ್ದು ಅವನ ಕಿವಿಗೆ ‘ಒರಟು’ ಎಂದು ಬಿತ್ತು. ತುದಿಯೆಲ್ಲ ಸವೆದು ಒರಟಾಗಿದೆ ಅಂದಮೇಲೆ ಟ್ಯಾಬು ಬಹಳ ಹಳೆಯದು; ಹಳೆಯದಾದರೆ ಹಳೇ ಚಪ್ಪಟೆ ಪಿನ್ನು. ಬಿಡಿಸಿ ಕೇಳಬಹುದಿತ್ತು. ಆದರೆ ಎಂಟು ವರ್ಷದ ಮೇಲೆ ಒಬ್ಬರು ಎದುರು ನಿಂತು ಕನ್ನಡ ಮಾತಾಡುತ್ತಿರುವಾಗ, ‘ನಿಮ್ಮ ಕನ್ನಡ ನನಗ ತಿಳೀಲಿಲ್ರೀ’ ಎಂದು ಹೇಳಲು ಯಾರಿಗೆ ಬಾಯಿ ಬರುತ್ತದೆ? ತಲೆ ಅಲ್ಲಾಡಿಸಿದ. ಚಪ್ಪಟೆ ಪಿನ್ನಿನ ಡಾಂಗಲ್ ಕೊಟ್ಟ.

ಬುಧವಾರ ಪೂವಪ್ಪ ಮತ್ತೆ ಆಟೋದಿಂದ ಇಳಿದರು.

“ಜಾತಕ ಕೂಡಿ ಬರ್ಲಿಲ್ಲ ಮಾರಾಯ್ರೆ. ಡಬ್ಬಿಯ ಮೇಲಿನ ಚಿತ್ರ ನೋಡಿಯೇ ಮೊಮ್ಮಗಳು ಹೇಳಿದ್ಲು, ಹುಡುಗ ಚಪ್ಪಟೆ, ಹುಡುಗಿ ಉರುಟು.” ಜಾಣರು, ಈ ಸಲ ಟ್ಯಾಬಿನ ಚಾರ್ಜರನ್ನೇ ತಂದಿದ್ದರು. ಪಿನ್ನು ನೋಡಿದ ಕೂಡಲೇ ಬಂಡೆಪ್ಪ ಹಣೆ ಬಡಿದುಕೊಂಡ. ಟೈಪ್-ಸಿ.

“ಇದು ಗುಂಡಗ ಅದಲ್ರೀ! ನೀವು ಒರಟು ಅಂದ್ರಿ.”

“ಉರುಟು ಅಂದೆ. ಗುಂಡಗೆ ಅಂದ್ರೆ ಉರುಟೇ ಅಲ್ವಾ?”

“ನಿಮ್ಮಲ್ಲಿ ಹಂಗೇನು? ಹಂಗಾರ ಸಪೂರ?”

“ಸಪೂರ ಅಂದ್ರೆ ತೆಳು. ನೀವು ಸಪೂರ, ನಾನು ದಪ್ಪ.”

ಈ ಎರಡು ಪದಗಳ ಮೇಲೆ ಇಬ್ಬರೂ ಮುಕ್ಕಾಲು ಗಂಟೆ ಕೂತರು. ಅರ್ಧ ಗ್ಲಾಸಿನ ಎರಡು ಕಟಿಂಗ್ ಚಹಾ ಬಂತು. ಪೂವಪ್ಪ ಸ್ಟೂಲಿನ ಮೇಲೆ ಕೂತು ಚಹಾದ ನೊರೆ ನೋಡಿಯೇ ಅದರಲ್ಲಿ ಹಾಲೆಷ್ಟು ನೀರೆಷ್ಟು ಹೇಳಿದರು. ತಾವು ಹೇಳಬೇಕಾದ ಪಾತ್ರ ಯಾವುದೆಂದೂ ಹೇಳಿದರು: ಸಂಧಾನಕ್ಕೆ ಬಂದ ದೂತನಿಗೆ ಉತ್ತರ ಕೊಡುವ ಮುದಿ ಮಂತ್ರಿ. “ಇಪ್ಪತ್ತೇ ನಿಮಿಷದ್ದು. ಆದರೆ ಅವ ಇಲ್ದಿದ್ರೆ ಮುಂದಿನ ಯುದ್ಧಕ್ಕೆ ಅರ್ಥವೇ ಇಲ್ಲ. ಹುಡುಗರೆಲ್ಲ ಈಗ ಕಾಗದ ನೋಡಿ ಹೇಳ್ತಾರೆ. ಮುಂದಿನ ವರ್ಷ ನನ್ನನ್ನು ಕರೀತಾರೋ ಇಲ್ವೋ ಗೊತ್ತಿಲ್ಲ. ಈ ಭಾನುವಾರ ಚೆಂದ ಆದ್ರೆ ಕರೀಬಹುದು.”

ಪಕ್ಕದ ಕವರ್ ಅಂಗಡಿಯ ಹಿತೇಶ್ ಅಲ್ಲಿಂದಲೇ ಕೂಗಿದ, “ಕ್ಯಾ ಬಂಡೂಭಾಯ್, ಆಜ್ ಬೋಲನೇ ಕಾ ಭೀ ಸೇಲ್ ಲಗಾಯಾ ಕ್ಯಾ?”

ಇವತ್ತು ಮಾತಿಗೂ ಸೇಲ್ ಹಾಕಿದೆಯಾ ಎಂದು ಕೆಣಕಿದ ಅವನತ್ತ ಬಂಡೆಪ್ಪ ತಿರುಗಲಿಲ್ಲ. ಟೈಪ್-ಸಿ ಡಾಂಗಲ್ ತೆಗೆದು, ತನ್ನ ಫೋನಿಗೆ ಚುಚ್ಚಿ, ಟ್ರಯಲ್ಲಿನ ಹಳೇ ಕಿವಿತುಂಡಿಗೆ ಜೋಡಿ ಹಾಕಿ ಕೇಳಿಸಿದ. ಸದ್ದು ಚೊಕ್ಕ. ಇನ್ನು ಉಳಿದದ್ದು ಒಂದೇ ಕೆಲಸ. ಡಾಂಗಲ್ಲಿನ ಜೊತೆ ಪೂವಪ್ಪನವರು ಕೊಂಡ ಹೊಸ ಕಿವಿತುಂಡನ್ನು ಡಬ್ಬಿಯಿಂದ ತೆಗೆದು, ಗುಂಡಿ ಒತ್ತಿ, ಐದು ಎಣಿಸಬೇಕು.

ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು.

ಆಗ ಅವನ ತಲೆಯಲ್ಲಿದ್ದ ವ್ಯಾಪಾರಿ ಎದ್ದು ಕೂತ. ಸೋಮವಾರದ ತಪ್ಪಿನಿಂದ ಬುಧವಾರ ಸಿಕ್ಕಿತ್ತು. ಇಂದು ಸರಿ ಮಾಡಿಕೊಟ್ಟರೆ ಈ ಮನುಷ್ಯ ಮತ್ತೆ ಇತ್ತ ತಲೆ ಹಾಕಲು ಕಾರಣವೇ ಇಲ್ಲ. ಸರಿಯಾದ ಮಾಲು ಕೊಂಡ ಗಿರಾಕಿಯಷ್ಟು ಬೇಗ ಮರೆಯುವ ಪ್ರಾಣಿ ಈ ಮುಂಬಯಿಯಲ್ಲಿ ಇನ್ನೊಂದಿಲ್ಲ. ಒತ್ತದೆ ಬಿಟ್ಟರೆ? ರಾತ್ರಿ ಚುಚ್ಚಿ ನೋಡುತ್ತಾರೆ, ಕೇಳಿಸುವುದಿಲ್ಲ, ಶುಕ್ರವಾರ ಬೈಯುತ್ತಾ ಬರುತ್ತಾರೆ. ಚಹಾ ಕುಡಿಸಿ ಒತ್ತಿ ಕೊಡುವುದು. ಭಾನುವಾರಕ್ಕೆ ಎಲ್ಲವೂ ಸರಿ. ಯಾರಿಗೂ ನಷ್ಟವಿಲ್ಲ, ತನಗೊಂದು ಶುಕ್ರವಾರ ಲಾಭ.

ಡಬ್ಬಿ ಮುಚ್ಚಿ ಕೊಟ್ಟ. ಫೋನ್ ನಂಬರ್ ಕೇಳೋಣ ಅನ್ನಿಸಿತು. ಗಿರಾಕಿಯ ನಂಬರು ಕೇಳಿ ಗೊತ್ತಿದ್ದವನಿಗೆ ಗೆಳೆಯನ ನಂಬರು ಕೇಳುವುದು ಹೇಗೆಂದು ಗೊತ್ತಾಗಲಿಲ್ಲ.

“ಬರ್ತೇನೆ ಬಂಡೆಪ್ಪನವ್ರೇ,” ಅಂದರು ಪೂವಪ್ಪ. ಪೂರ್ತಿ ಹೆಸರು, ಅದಕ್ಕೊಂದು ‘ನವರು’ ಬೇರೆ.

ಶುಕ್ರವಾರ ಬಂಡೆಪ್ಪ ಸ್ಟೂಲು ಒರೆಸಿ ಇಟ್ಟ. ಹನ್ನೊಂದಾಯಿತು, ಹನ್ನೆರಡಾಯಿತು. ಎರಡು ಚಹಾ ಹೇಳಿ ಎರಡನ್ನೂ ತಾನೇ ಕುಡಿದ. ನಿಲ್ಲುವ ಪ್ರತಿ ಆಟೋದತ್ತಲೂ ಕತ್ತು ಚಾಚಿದ. ಆಟೋದವರು ತಮ್ಮನ್ನೇ ಕರೆದನೆಂದು ಒಬ್ಬರ ಹಿಂದೊಬ್ಬರು ಬಂದು ನಿಂತು ಬೈದು ಹೋದರು. ಶನಿವಾರವೂ ಪೂವಪ್ಪ ಬರಲಿಲ್ಲ. ಮೊಮ್ಮಗಳು ಒತ್ತಿರುತ್ತಾಳೆ, ಈಗಿನ ಮಕ್ಕಳಿಗೆ ಇದೇನು ದೊಡ್ಡದು ಎಂದು ಸಮಾಧಾನ ಮಾಡಿಕೊಂಡ. ಗಿರಾಕಿಗಳಿಗೆ ಹೇಳುವ ಸುಳ್ಳುಗಳಲ್ಲಿ ಅವನ ಕೈ ಪಳಗಿತ್ತು. ತನಗೆ ಹೇಳಿಕೊಳ್ಳುವ ಸುಳ್ಳು ಮಾತ್ರ ಮಾರಾಟವಾಗಲಿಲ್ಲ.

ಭಾನುವಾರ ಮಧ್ಯಾಹ್ನ. ವಾರದ ಅರ್ಧ ವ್ಯಾಪಾರ ಆಗುವ ದಿನ. ಮೂರೂವರೆಯ ಹೊತ್ತಿಗೆ ಗಿರಾಕಿಗಳು ಎರಡು ಸಾಲಿನಲ್ಲಿ ನಿಂತಿರುವಾಗ ಬಂಡೆಪ್ಪ ಎದ್ದು ಅಂಗಡಿಗೆ ಹಲಗೆ ಹಾಕಿದ.

“ಬಂಡೂಭಾಯ್, ಕೋಯೀ ಮರ್ ಗಯಾ ಕ್ಯಾ?” ಹಿತೇಶ್ ಗಾಬರಿಯಿಂದ ಕೇಳಿದ. ಭಾನುವಾರ ಅಂಗಡಿ ಮುಚ್ಚಲು ಯಾರದೋ ಸಾವಲ್ಲದೆ ಅವನಿಗೆ ಬೇರೆ ಕಾರಣ ತೋಚಲಿಲ್ಲ.

ನೆಹರೂ ನಗರ ಅಂದರೆ ಒಂದು ಬಿಲ್ಡಿಂಗ್ ಅಲ್ಲ, ಬಿಲ್ಡಿಂಗುಗಳ ಸಂತೆ. ಬುಧವಾರದ ಹರಟೆಯಿಂದ ಬಂಡೆಪ್ಪನಿಗೆ ಗೊತ್ತಿದ್ದದ್ದು ಲಿಫ್ಟ್ ಉಂಟು, ಮೂರನೇ ಮಾಳಿಗೆ, ಬಾಗಿಲಿನ ಬೋರ್ಡಿನಲ್ಲಿ ಕನ್ನಡ ಅಕ್ಷರ ಉಂಟು ಎಂಬ ಮೂರೇ ಮಾತು. ವಾಚ್‌ಮನ್ನುಗಳ ಹತ್ತಿರ ಬೈಸಿಕೊಂಡ. ಒಂದು ಕಡೆ ಕೊರಿಯರಿನವನೆಂದು ಸುಳ್ಳು ಹೇಳಿ ಒಳಗೆ ಹೋದ, ಇನ್ನೊಂದು ಕಡೆ ನಿಜ ಹೇಳಿದ್ದಕ್ಕೆ ಹೊರಗೆ ಹಾಕಿದರು. ಆರನೇ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಹಿತ್ತಾಳೆಯ ಬೋರ್ಡಿನ ಮೇಲೆ ‘ಪೂವಪ್ಪ’ ಎಂದು ಓದಿದಾಗ ಗಂಟೆ ನಾಲ್ಕೂ ಮುಕ್ಕಾಲು.

ಬಾಗಿಲು ತೆರೆದವರು ಪೂವಪ್ಪನವರೇ. ಬಿಳಿ ಪಂಚೆ, ರೇಷ್ಮೆ ಶಾಲು, ಹಣೆಗೆ ಕುಂಕುಮ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪ್ರಣೀತಾ ಮಗಳನ್ನು ಕರೆದುಕೊಂಡು ಯಾರದೋ ಬರ್ತ್‌ಡೇಗೆ ಹೋಗಿದ್ದಳು. ಕುರ್ಚಿಯ ಮೇಲೆ, ಉಪ್ಪಿನಕಾಯಿ ಭರಣಿಗೆ ಒರಗಿಸಿದ ಟ್ಯಾಬು. ಅದರೊಳಗೆ ಸಾಲಾಗಿ ಕೂತ ಗಂಡಸರು. ಬಾಯಿಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಸದ್ದಿಲ್ಲ. ವೇಷವೂ ಕುಣಿತವೂ ಇಲ್ಲದ ಆಟದಿಂದ ಮಾತನ್ನೂ ತೆಗೆದುಬಿಟ್ಟರೆ ಉಳಿಯುವುದು ಅಷ್ಟೇ, ಬಸ್ಸಿಗೆ ಕಾಯುತ್ತ ಕೂತವರ ಸಾಲು.

“ಬಂಡೆಪ್ಪನವ್ರೇ! ನೀವು ಹೇಗೆ ಇಲ್ಲಿ?” ಅಂದವರೇ, ಉತ್ತರಕ್ಕೆ ಕಾಯದೆ ಒಳಗೆ ಕರೆದರು. “ಎಂತ ಮಾಡ್ಲಿಕ್ಕೂ ಆಗ್ಲಿಲ್ಲ. ಡಾಂಗಲ್ ಹಾಕಿದ್ರೆ ಸ್ವರವೇ ಇಲ್ಲ. ತೆಗೆದ್ರೆ ಸ್ವರ ಉಂಟು, ಅಲ್ಲಿ ಹಾಲ್‌ನಲ್ಲಿ ಎಲ್ಲ ಎರಡೆರಡು ಸಲ ಕೇಳ್ತದಂತೆ. ಜನ ನಗ್ಲಿಕ್ಕೆ ಸುರು ಮಾಡಿದ್ರು. ಮತ್ತೆ ನನ್ನ ಮೈಕ್ ಅವರೇ ಬಂದ್ ಮಾಡಿದ್ರು. ಈಗ ನನ್ನ ಪಾತ್ರ ಸಚಿನ ಹೇಳ್ತಿದ್ದಾನೆ. ನೋಡಿ, ಆ ಕಾಗದ ಹಿಡಿದವ.”

“ಬುಧವಾರ ರಾತ್ರಿನ ಹಾಕಿ ನೋಡ್ಲಿಲ್ಲೇನ್ರೀ?” ಬಂಡೆಪ್ಪ ಕೇಳಿದ.

“ಹೊಸ ಸಾಮಾನು ಹಾಗೆಲ್ಲ ಬಿಚ್ಚುವುದುಂಟಾ? ಹೋಟೆಲಲ್ಲಿ ಹೊಸ ಕಪ್ಪು ಬಂದ್ರೂ ಮೊದಲು ದೇವರ ಎದುರು ಇಡ್ತಿದ್ದೆವು. ಇವತ್ತು ದೀಪ ಹಚ್ಚಿದ ಮೇಲೆಯೇ ಬಿಚ್ಚಿದ್ದು. ನೀವು ಸರಿಯಾಗಿ ತೋರಿಸಿ ಕೊಟ್ಟದ್ದು, ನೋಡುವುದೆಂತದು ಅದರಲ್ಲಿ? ನಾನೇ ಎಂತದೋ ತಪ್ಪು ಒತ್ತಿದ್ದೇನೆ ಕಾಣ್ತದೆ.”

ಶುಕ್ರವಾರ ಯಾಕೆ ಬರಲಿಲ್ಲ ಎಂಬುದು ಬಂಡೆಪ್ಪನಿಗೆ ಈಗ ತಿಳಿಯಿತು. ಅವನ ಲೆಕ್ಕದಲ್ಲಿ ಎಲ್ಲವೂ ಇತ್ತು. ಈ ಮನುಷ್ಯ ತನ್ನನ್ನು ನಂಬಬಹುದು ಎಂಬುದೊಂದು ಇರಲಿಲ್ಲ.

ಡಾಂಗಲ್ ಚುಚ್ಚಿದ. ಕಿವಿತುಂಡನ್ನು ಹತ್ತಿರ ಹಿಡಿದು ಗುಂಡಿ ಒತ್ತಿದ. ಒಂದು, ಎಲ್ಡು, ಮೂರು, ನಾಕು, ಐದು. ದೀಪ ನೀಲಿಯಲ್ಲಿ ನಿಂತಿತು. ಇಷ್ಟೇ ಕೆಲಸ. ಕಿವಿತುಂಡನ್ನು ಪೂವಪ್ಪನವರ ಎಡಗಿವಿಗೆ ತಾನೇ ಸಿಕ್ಕಿಸಿದ. ಬಲಗಿವಿ ಮೊದಲೇ ಮಂದ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಪೂವಪ್ಪನವರ ಮುಖ ಅರಳಲಿಲ್ಲ. ನೆಟ್ಟಗಾಯಿತು. ಕುರ್ಚಿಯ ಎದುರು ಕೂತು, ಕಣ್ಣು ಮುಚ್ಚಿ, ಸಚಿನ ತಮ್ಮ ಪಾತ್ರವನ್ನು ಕಾಗದ ನೋಡಿ ಓದುವುದನ್ನು ಕೇಳತೊಡಗಿದರು.

ಬಂಡೆಪ್ಪ ನಿಂತೇ ಇದ್ದ. ಆಮೇಲೆ ಒಂದೇ ಉಸಿರಿಗೆ ಹೇಳಿದ: “ಅಣ್ಣಾರ, ತಪ್ಪು ನಿಮ್ದಲ್ಲ. ನಾ ಬೇಕಂತನ ಒತ್ತದ ಕೊಟ್ಟೀನಿ. ನೀವು ಮತ್ತೊಮ್ಮೆ ಬರ್ಲಿ ಅಂತ. ನನ್ನ ಕೂಡ ಮಾತಾಡೋರು ಯಾರೂ ಇಲ್ರೀ ಇಲ್ಲಿ.”

ಪೂವಪ್ಪ ಕಣ್ಣು ತೆರೆಯದೆ ಅಂಗೈ ಎತ್ತಿದರು. ಸ್ವಲ್ಪ ತಡೀರಿ ಎಂಬಂತೆ. ದೂತನ ಮಾತು ನಡೆದಿತ್ತು. ಅದು ಮುಗಿದ ಮೇಲೆ ಬಂಡೆಪ್ಪನತ್ತ ತಿರುಗಿ, ಕಿವಿಯಲ್ಲಿ ಸದ್ದು ತುಂಬಿದವರು ಮಾತಾಡುವ ಹಾಗೆ, ಮನೆ ಬಿದ್ದುಹೋಗುವಷ್ಟು ಗಟ್ಟಿಯಾಗಿ ಹೇಳಿದರು: “ಚೊಕ್ಕ ಕೇಳ್ತದೆ! ಭಾನುವಾರ ಅಂಗಡಿ ಬಿಟ್ಟು ಓಡಿ ಬಂದ್ರಲ್ಲ! ನಿಮ್ಮಂಥ ವ್ಯಾಪಾರಿ ಈಗ ಎಲ್ಲಿ ಉಂಟು! ಇನ್ನು ನಿಮಗೆ ತೊಂದರೆ ಕೊಡ್ಲಿಕ್ಕಿಲ್ಲ ಮಾರಾಯ್ರೆ, ಆಯ್ತಾ?”

ಅದೇ ಮಾತನ್ನು ಎರಡನೇ ಸಲ ಹೇಳಲು ಬಂಡೆಪ್ಪನಿಗೆ ಆಗಲಿಲ್ಲ. ಕೈ ಮುಗಿದು ಹೊರಗೆ ಬಂದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.

ಲಿಫ್ಟಿನ ಗುಂಡಿ ಒತ್ತಿ ನಿಂತಿರುವಾಗ ಬಾಗಿಲ ಆಚೆಯಿಂದ ದನಿ ಕೇಳಿತು. ಪೂವಪ್ಪನವರದ್ದೇ. ಆದರೆ ಚಹಾದಲ್ಲಿ ನೀರು ಎಣಿಸಿದ ದನಿಯಲ್ಲ. ಎಲ್ಲೋ ಕೆಳಗಿಂದ ಎದ್ದು, ಗೋಡೆಗೆ ಒದ್ದು ತಿರುಗುವ ದನಿ. ಮುದಿ ಮಂತ್ರಿ ದೂತನಿಗೆ ಉತ್ತರ ಕೊಡುತ್ತಿದ್ದ. ಸಚಿನನ ಕಾಗದದಲ್ಲಿ ಇಲ್ಲದ ಉತ್ತರ. ಅಲ್ಲಿ ಬೈಕುಲ್ಲಾದ ಹಾಲಿನಲ್ಲಿ ಇವರ ಮೈಕು ಬಂದ್ ಆಗಿತ್ತು, ಪರದೆಯ ಮೇಲೆ ಇವರ ಬಾಯಿಯೂ ತೆರೆದು ಮುಚ್ಚುತ್ತಿತ್ತೋ ಏನೋ.

ಲಿಫ್ಟು ಬಂತು, ನಿಂತಿತು, ಯಾರೋ ಕೆಳಗಿನಿಂದ ಕರೆದರು, ಹೋಯಿತು.

ಎದುರಿನ ಮನೆಯ ಬಾಗಿಲು ಸ್ವಲ್ಪ ತೆರೆದು ಒಬ್ಬ ಹೆಂಗಸು ಮರಾಠಿಯಲ್ಲಿ ಕೇಳಿದಳು, ಯಾರು ಜಗಳ ಆಡುತ್ತಿರುವುದು ಎಂದು. ಜಗಳವಲ್ಲ ತಾಯಿ, ಉತ್ತರ ಕೊಡುತ್ತಿದ್ದಾರೆ ಎಂದ ಬಂಡೆಪ್ಪ. ಯಾರಿಗೆ ಎಂದಳು ಅವಳು. ಬಾಗಿಲು ಮುಚ್ಚಿತು.

ಬಂಡೆಪ್ಪ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತ. ಆ ಕರಾವಳಿಯ ಕನ್ನಡದಲ್ಲಿ ಅವನಿಗೆ ತಿಳಿಯದ ಮಾತುಗಳೇ ಹೆಚ್ಚು. ತಿಳಿಯದ ಪದ ಬಂದಾಗಲೂ ತಲೆ ಅಲ್ಲಾಡಿಸುತ್ತ, ಇಪ್ಪತ್ತು ನಿಮಿಷ, ದನಿ ನಿಲ್ಲುವ ತನಕ ಕೂತಿದ್ದ.